ಎರೆ ಮಣ್ಣಿನ ಮೇಲೆ ಹಾಸಿದ ಹುಲ್ಲು

2022ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಹೊರವಲಯದ ಒಂದು ಮನೆಯವರು ನನ್ನನ್ನು ಮತ್ತೆ ಕರೆಸಿದರು. ಅವರ ಹಿತ್ತಿಲಿನಲ್ಲಿ ಹದಿನಾಲ್ಕು ತಿಂಗಳ ಹಿಂದೆ ನಾನೇ ಮುಂದೆ ನಿಂತು ಕೃತಕ ಹುಲ್ಲಿನ ಅಂಕಣ ಮಾಡಿಸಿದ್ದೆ. ಮಕ್ಕಳ ಫುಟ್‌ಬಾಲ್‌ಗೂ ದೊಡ್ಡವರ ಬ್ಯಾಡ್ಮಿಂಟನ್‌ಗೂ ಒದಗಲೆಂದು 52 ಅಡಿ ಉದ್ದ, 25 ಅಡಿ ಅಗಲ ಇಟ್ಟಿದ್ದೆವು. ಈಗ ಬೇವಿನ ಮರದ ಕಡೆಯ ಮೂಲೆ ಒಂದೂವರೆ ಇಂಚು ಕುಸಿದಿತ್ತು, ನಡುವಿನ ಜೋಡಣೆ ಎರಡು ಕಡೆ ಬಾಯಿ ಬಿಟ್ಟಿತ್ತು. ಆ ಮನೆಯ ಹುಡುಗಿ ಓಡುವಾಗ ಅಲ್ಲಿಯೇ ಎಡವಿ ಮಣಿಕಟ್ಟು ಉಳುಕಿಸಿಕೊಂಡಿದ್ದಳು. ಅದನ್ನು ಕೇಳಿದಾಗ ನನಗಾದ ಸಂಕಟ ಇಂದಿಗೂ ಕಡಿಮೆಯಾಗಿಲ್ಲ.

ನಾನು ಈ ಕೆಲಸ ಕಲಿತದ್ದು ಬೆಂಗಳೂರಿನ ಕೆಂಪು ಮಣ್ಣಿನಲ್ಲಿ. ಅಲ್ಲಿ ಎಂಟು ಇಂಚು ಅಗೆದು, ತಳವನ್ನು ರೋಲರ್‌ನಿಂದ ಗಟ್ಟಿ ಮಾಡಿ, 40 ಮಿ.ಮೀ. ಜಲ್ಲಿ, ಅದರ ಮೇಲೆ 20 ಮಿ.ಮೀ. ಜಲ್ಲಿ, ಕೊನೆಗೆ ಜಲ್ಲಿ ಪುಡಿ ಹಾಕಿ ಪದರ ಪದರವಾಗಿ ದಮ್ಮಸ್ಸು ಮಾಡಿದರೆ ಅಂಕಣ ವರ್ಷಗಟ್ಟಲೆ ಅಲುಗುವುದಿಲ್ಲ. ಹುಲ್ಲಿನ ತಳದ ರಂಧ್ರಗಳಿಂದ ಇಳಿದ ನೀರನ್ನು ಜಲ್ಲಿ ಕೆಳಗೆ ಬಿಡುತ್ತದೆ, ಕೆಂಪು ಮಣ್ಣು ಅದನ್ನು ನಿಧಾನವಾಗಿ ಕುಡಿಯುತ್ತದೆ. ಹುಬ್ಬಳ್ಳಿಯಲ್ಲೂ ನಾನು ಅದೇ ವಿಧಾನವನ್ನು ಅನುಸರಿಸಿದೆ. ಆದರೆ ಅಲ್ಲಿಯದು ಎರೆ ಮಣ್ಣು. ನೀರು ಕುಡಿದರೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಹೊಲ ನೋಡಿದ ಯಾವ ರೈತನಿಗೂ ಗೊತ್ತಿರುವ ಈ ಮಾತನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಹುಲ್ಲನ್ನು ಸುರುಳಿ ಸುತ್ತಿ ಬದಿಗಿಟ್ಟು ತಳವನ್ನು ಬಗೆದಾಗ ಆದದ್ದೆಲ್ಲ ಕಣ್ಣಿಗೆ ಕಂಡಿತು. ಸುತ್ತಲೂ ನೀರು ಬಿಡದ ಎರೆ ಮಣ್ಣು, ನಡುವೆ ಜಲ್ಲಿ: ನಾನು ಕಟ್ಟಿದ್ದು ಒಂದು ಬೋಗುಣಿಯನ್ನು. ಮಳೆಗಾಲದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಅದರಲ್ಲಿ ನಿಂತು ತಳದ ಮಣ್ಣನ್ನು ಉಬ್ಬಿಸಿತ್ತು. ಬೇಸಿಗೆ ಬಂದಾಗ ಬೇವಿನ ಬೇರು ಒಂದು ಕಡೆಯ ತೇವವನ್ನು ಹೀರಿಕೊಂಡಿತು, ಎದುರು ಬದಿಯ ಮಲ್ಲಿಗೆ ಪಾತಿಗೆ ದಿನವೂ ಹಾಕುವ ನೀರು ಮತ್ತೊಂದು ಕಡೆಯನ್ನು ಹಸಿಯಾಗಿಯೇ ಇಟ್ಟಿತು. ಒಣಗಿದ ಕಡೆ ಬಿರುಕು ಬಿಟ್ಟಿತು, ಬಿರುಕಿನೊಳಗೆ ಜಲ್ಲಿ ಪುಡಿ ಇಳಿಯಿತು, ಅದರ ಹಿಂದೆಯೇ ಮೇಲಿನ ಹಾಸು ಕುಸಿಯಿತು. ಮಣ್ಣಿಗೂ ಜಲ್ಲಿಗೂ ನಡುವೆ, ನೀರನ್ನು ಬಿಟ್ಟು ಮಣ್ಣಿನ ಕಣಗಳನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದ್ದರೆ ಪುಡಿ ಇಳಿಯುವುದಾದರೂ ತಪ್ಪುತ್ತಿತ್ತು. ಖರ್ಚು ಉಳಿಸಲು ಅದನ್ನು ಕೈಬಿಟ್ಟವನು ನಾನೇ.

ಮುಂದೇನು ಮಾಡುವುದೆಂದು ತಿಳಿಯದೆ, ನೀರಾವರಿ ಕಾಲುವೆಗಳಲ್ಲಿ ದುಡಿದು ನಿವೃತ್ತರಾದ ಒಬ್ಬ ಎಂಜಿನಿಯರರ ಬಳಿಗೆ ಹೋದೆ. ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿ ಅವರು ಎರೆ ಮಣ್ಣಿನ ಸಮಸ್ಯೆಗೆ ರೂಪಿಸಿದ ಉಪಾಯವನ್ನು ಅವರು ನನಗೆ ವಿವರಿಸಿದರು: ಹಿಗ್ಗುವ ಮಣ್ಣಿನ ಮೇಲೆ, ಹಿಗ್ಗದಿರುವ ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರವನ್ನು ಹಾಕಿ ದಮ್ಮಸ್ಸು ಮಾಡಬೇಕು. ಮಲಪ್ರಭಾ ಕಾಲುವೆಯಲ್ಲೂ ಈ ವಿಧಾನ ಬಳಕೆಯಾಗಿದೆ. ನಮ್ಮ ಕಡೆ ಸಿಗುವ ಒಳ್ಳೆಯ ಗರಸಿನಲ್ಲಿ, ಅಂದರೆ ಸಣ್ಣ ಕಲ್ಲು ಬೆರೆತ ಕೆಂಪು ಮಣ್ಣಿನಲ್ಲಿ, ಆ ಗುಣವಿದೆ ಎಂದು ಹೇಳಿ, ಮೊದಲು ಮಣ್ಣನ್ನು ಪರೀಕ್ಷಿಸುವ ಸರಳ ಕ್ರಮವನ್ನೂ ತೋರಿಸಿಕೊಟ್ಟರು. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಒಂದು ಅಳತೆಯ ಜಾಡಿಯಲ್ಲಿ ನೀರಿಗೂ, ಅಷ್ಟನ್ನೇ ಇನ್ನೊಂದು ಜಾಡಿಯಲ್ಲಿ ಸೀಮೆಎಣ್ಣೆಗೂ ಹಾಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲವಾದ್ದರಿಂದ ಎರಡರ ವ್ಯತ್ಯಾಸವೇ ಆ ಮಣ್ಣಿನ ಸ್ವಭಾವವನ್ನು ಹೇಳುತ್ತದೆ. ಆ ಹಿತ್ತಿಲಿನ ಮಣ್ಣು ನೀರಿನ ಜಾಡಿಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ ನಿಂತಿತ್ತು.

ಎರಡನೆಯ ಸಲ ಎರಡೂವರೆ ಅಡಿ ಎರೆ ಮಣ್ಣನ್ನು ತೆಗೆಸಿದೆವು. ಗರಸನ್ನು ಆರಾರು ಇಂಚಿನ ಪದರಗಳಲ್ಲಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ರೋಲರ್‌ನಿಂದ ಗಟ್ಟಿ ಮಾಡಿದೆವು. ಗರಸಿನ ಮೇಲ್ಮೈಗೇ 100ಕ್ಕೆ 1ರಂತೆ, ಅಂದರೆ 25 ಅಡಿ ಅಗಲಕ್ಕೆ 3 ಇಂಚಿನಷ್ಟು ಇಳಿಜಾರು ಕೊಟ್ಟು, ತಗ್ಗಿನ ಅಂಚಿನಲ್ಲಿ ತೂತಿನ ಪೈಪನ್ನು ಹೂತು ಅದರ ಬಾಯಿಯನ್ನು ಹೊರಗಿನ ಚರಂಡಿಗೆ ಬಿಟ್ಟೆವು. ಜಿಯೋಟೆಕ್ಸ್‌ಟೈಲ್ ಬಂದದ್ದು ಅದರ ಮೇಲೆ, ಜಲ್ಲಿ ಅದಕ್ಕೂ ಮೇಲೆ. ಮರದ ಕಡೆ ಮೂರು ಅಡಿ ಆಳದ ಕಾಂಕ್ರೀಟ್ ತಡೆ ಹಾಕಿದೆವು. ಮಲ್ಲಿಗೆ ಪಾತಿಯನ್ನು ಸ್ಥಳಾಂತರಿಸಲು ಮನೆಯ ಹಿರಿಯರನ್ನು ಕೇಳಿಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಅವರು ಒಂದು ಮಾತೂ ಎದುರಾಡದೆ ಒಪ್ಪಿದರು.

ಮೇಲಿನ ಕೆಲಸ ಎರಡೇ ದಿನದ್ದು. 4 ಮೀಟರ್ ಅಗಲದ ಎರಡು ಸುರುಳಿಗಳನ್ನು ಬಿಸಿಲಿನಲ್ಲಿ ಬಿಡಿಸಿಟ್ಟು ಸುಕ್ಕು ಇಳಿಸಿ, ಎರಡರ ಎಳೆಗಳೂ ಒಂದೇ ದಿಕ್ಕಿಗೆ ಬಾಗುವಂತೆ ಜೋಡಿಸಿ, ಹೊಸ ಪಟ್ಟಿ ಮತ್ತು ಪಾಲಿಯುರೆಥೇನ್ ಅಂಟಿನಿಂದ ಬೆಸೆದೆವು. 20 ಮಿ.ಮೀ. ಎತ್ತರದ ಎಳೆಗಳ ನಡುವೆ ಚದರ ಮೀಟರಿಗೆ 15 ಕಿಲೋ ಲೆಕ್ಕದಲ್ಲಿ ಸುಮಾರು 1,800 ಕಿಲೋ ಒಣ ಸಿಲಿಕಾ ಮರಳನ್ನು ಕುಂಚದಿಂದ ಇಳಿಸಿದೆವು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಈ ಹಾಸು ಬರಿಗಾಲು ಇಡಲಾಗದಷ್ಟು ಕಾಯುತ್ತದೆ ಎಂಬುದನ್ನು ಮೊದಲ ಸಲ ನಾನು ಹೇಳಿರಲಿಲ್ಲ. ಈ ಸಲ ಹೇಳಿದೆ. ತಂಪು ಮಾಡಲು ನೀರು ಹೊಡೆಯುವುದಕ್ಕಿಂತ ಬಿಸಿಲು ಇಳಿದ ಮೇಲೆ ಆಡುವುದೇ ಒಳ್ಳೆಯದೆಂದೂ ತಿಳಿಸಿದೆ.

ದುರಸ್ತಿಯ ಪೂರ್ತಿ ಖರ್ಚನ್ನು ನಾನೇ ಭರಿಸಿದೆ, ಅದು ನನ್ನ ಹೊಣೆಯಾಗಿತ್ತು. ಅಂದಿನಿಂದ ಯಾರ ಹಿತ್ತಿಲಿಗೇ ಹೋಗಲಿ, ಮೂರು ಅಡಿ ಗುಂಡಿ ತೋಡಿಸಿ ಮಣ್ಣನ್ನು ಜಾಡಿಗೆ ಹಾಕಿ ನೋಡುವವರೆಗೆ ಬೆಲೆ ಹೇಳುವುದಿಲ್ಲ. ಇದರಿಂದ ಕೆಲವು ಕೆಲಸಗಳು ಕೈತಪ್ಪಿವೆ. ಆ ವರ್ಷ ಮೃಗಶಿರ ಮಳೆ ಜೋರಾಗಿ ಹಿಡಿದ ಸಂಜೆ ನಾನು ಹುಬ್ಬಳ್ಳಿಯ ಆ ಮನೆಯ ಹೊರಗೆ ಕೊಡೆ ಹಿಡಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಪೈಪಿನ ಬಾಯಿಯಿಂದ ನೀರು ಬರತೊಡಗಿತು, ಮೊದಲು ಗರಸಿನ ಕೆಂಪು ಬಣ್ಣದ್ದು, ಆಮೇಲೆ ತಿಳಿಯಾದದ್ದು.