ಷೇರು ನೋಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಡಿಮ್ಯಾಟ್ ಖಾತೆ ತೆರೆದ ಕೂಡಲೇ ಪರಿಚಯದವರು ಕೇಳುವ ಪ್ರಶ್ನೆ ಇದು. ಜೊತೆಗೆ, "ದುಡ್ಡು ಕೊಟ್ಟು ತಗೊಂಡ್ರೆ ಇನ್ನೂ ಒಳ್ಳೇದು ಅಲ್ವಾ?" ಅಂತ ಇನ್ನೊಂದು ಸೇರಿಸುತ್ತಾರೆ.

ಮೊದಲ ವರ್ಷ ಒಂದು ರೂಪಾಯಿಯನ್ನೂ ಕೊಡಬೇಡಿ. ಕಂಪನಿಯ ಹಳೇ ಲೆಕ್ಕ ನೋಡಲು ಸ್ಕ್ರೀನರ್ ಡಾಟ್ ಇನ್ ಇದೆ, ಚಾರ್ಟ್ ಬೇಕಾದರೆ ಟ್ರೇಡಿಂಗ್‌ವ್ಯೂ ಇದೆ, ಕಂಪನಿಯೇ ಸಲ್ಲಿಸಿದ ಮೂಲ ಕಾಗದ ಬೇಕಾದರೆ ಷೇರು ವಿನಿಮಯ ಕೇಂದ್ರಗಳಾದ ಬಿಎಸ್‌ಇ, ಎನ್‌ಎಸ್‌ಇ ವೆಬ್‌ಸೈಟ್‌ಗಳಿವೆ. ಷೇರು ಕೊಂಡು ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಇವುಗಳಲ್ಲಿ ಉಚಿತವಾಗಿ ಸಿಗುವಷ್ಟೇ ಧಾರಾಳವಾಯಿತು.

ಇದೇ ಇರಲಿ, ಬೇರೆ ಯಾವುದೇ ಇರಲಿ, ನಾನು ನೋಡುವುದು ಒಂದೇ ವಿಷಯ. ಪರದೆ ಮೇಲಿನ ಅಂಕಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋಗಲು ಅದು ದಾರಿ ಕೊಡುತ್ತದಾ?

ಐಟಿಸಿಯನ್ನೇ ನೋಡಿ. 2025ರ ಜನವರಿಯಲ್ಲಿ ಅದರ ಹೋಟೆಲ್ ವ್ಯವಹಾರ ಬೇರೆ ಕಂಪನಿಯಾಯಿತು. ಆ ವಿಂಗಡಣೆಯಿಂದ ಬಂದ 15 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಲಾಭ ಮಾರ್ಚ್ ತ್ರೈಮಾಸಿಕದ ಲೆಕ್ಕಕ್ಕೆ ಸೇರಿತು. ಮೂರು ತಿಂಗಳಿಗೆ 5 ಸಾವಿರ ಕೋಟಿ ಆಸುಪಾಸಿನಲ್ಲಿ ಲಾಭ ಮಾಡುತ್ತಿದ್ದ ಕಂಪನಿ ಆ ಸಲ 19 ಸಾವಿರ ಕೋಟಿ ದಾಟಿತು. ಅದರಲ್ಲಿ ಮುಕ್ಕಾಲು ಪಾಲು ಸಿಗರೇಟು, ಗೋಧಿ ಹಿಟ್ಟು, ಬಿಸ್ಕತ್ತು ಮಾರಿ ಬಂದದ್ದಲ್ಲ. ಮುಂದಿನ ವರ್ಷ ಮತ್ತೆ ಬರುವುದೂ ಇಲ್ಲ. ಅದನ್ನೂ ಸೇರಿಸಿ ಪಿಇ, ಅಂದರೆ ಷೇರಿನ ಬೆಲೆ ಒಂದು ಷೇರಿನ ವರ್ಷದ ಲಾಭದ ಎಷ್ಟು ಪಟ್ಟು ಅಂತ, ಲೆಕ್ಕ ಹಾಕಿದರೆ ಆಗ ಸುಮಾರು 15 ಬರುತ್ತಿತ್ತು, ಬಿಟ್ಟು ಹಾಕಿದರೆ 25ಕ್ಕಿಂತ ಮೇಲೆ. ಷೇರು ಅದೇ, ಬೆಲೆಯೂ ಅದೇ! "ಪಿಇ 20ಕ್ಕಿಂತ ಕಡಿಮೆ ಇರೋದೆಲ್ಲಾ ತೋರಿಸು" ಅಂತ ಸಾಫ್ಟ್‌ವೇರ್‌ಗೆ ಹೇಳಿ ಕೂತವರಿಗೆ ಮೊದಲ ಲೆಕ್ಕದಲ್ಲಿ ಐಟಿಸಿ ಅಗ್ಗದ ಷೇರು, ಎರಡನೆಯದರಲ್ಲಿ ಪಟ್ಟಿಯಲ್ಲೇ ಇಲ್ಲ. ಯಾವ ಲೆಕ್ಕ ಹಾಕಿದ್ದೇವೆ ಅಂತ ಹೇಳದ ಸಾಫ್ಟ್‌ವೇರ್ ಎಷ್ಟೇ ಚಂದ ಇದ್ದರೂ ನನಗೆ ಬೇಡ. ಲಾಭದ ಸಾಲಿನ ಪಕ್ಕ ಆ ತ್ರೈಮಾಸಿಕದ ಪಿಡಿಎಫ್ ಕೊಂಡಿ ಇದ್ದರೆ ಸಾಕು, ಉಳಿದದ್ದು ನಾವೇ ಓದಿಕೊಳ್ಳಬಹುದು.

ಚಾರ್ಟ್ ನೋಡುವವರು ರಿಲಯನ್ಸ್ ತೆರೆಯಿರಿ. 2024ರ ಅಕ್ಟೋಬರ್ ಕೊನೆಗೆ ಹೋಗಿ. ಆಗ ಒಂದು ಷೇರಿಗೆ ಒಂದು ಬೋನಸ್ ಬಂದಿತ್ತು, ಅಂದರೆ ಇದ್ದ ಪ್ರತಿ ಷೇರಿಗೆ ಇನ್ನೊಂದು ಉಚಿತ; ಷೇರು ಎರಡರಷ್ಟಾದಾಗ ಒಂದರ ಬೆಲೆ ಅರ್ಧವಾಗುತ್ತದೆ, ಯಾರಿಗೂ ನಷ್ಟವಿಲ್ಲ. ಅಲ್ಲಿ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕೆ ಕುಸಿದಂತೆ ಕಂಡರೆ ಆ ಚಾರ್ಟ್ ಬೋನಸ್‌ಗೆ ಸರಿಹೊಂದಿಸಿಲ್ಲ ಅಂತ ಅರ್ಥ, ಅದರ ಮೇಲೆ ಎಳೆದ ಮೂವಿಂಗ್ ಆವರೇಜೂ (ಹಿಂದಿನ ಕೆಲವು ದಿನಗಳ ಬೆಲೆಯ ಸರಾಸರಿ ಗೆರೆ) ತಪ್ಪೇ. ಇನ್ನೊಂದು, ಸಾಫ್ಟ್‌ವೇರ್‌ನಲ್ಲಿ ಬ್ಯಾಂಕ್ ಷೇರುಗಳನ್ನು ಸಾಲದ ಪ್ರಮಾಣ ನೋಡಿ ಸೋಸುವುದು ಬೇಡ. ಜನರ ಠೇವಣಿಯೇ ಬ್ಯಾಂಕಿಗೆ ಸಾಲ, ಅದಿಲ್ಲದೆ ಬ್ಯಾಂಕೇ ಇಲ್ಲ.

ಇನ್ನು ಕೊಳ್ಳಿ, ಮಾರಿ ಅಂತ ಹಸಿರು ಕೆಂಪು ಬಾಣ ತೋರಿಸುವ ಸಾಫ್ಟ್‌ವೇರ್‌ಗಳು. ಹತ್ತಕ್ಕೆ ಒಂಬತ್ತು ಸಲ ಸರಿ ಹೇಳುತ್ತೆ ಅಂತ ಟೆಲಿಗ್ರಾಂ ಗುಂಪುಗಳಲ್ಲಿ ಮಾರುತ್ತಾರೆ. ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ, ಯಾಕೆಂದರೆ ಹೆಚ್ಚಾಗಿ ಇದನ್ನು ಕೊಳ್ಳುವವರು ಫ್ಯೂಚರ್ಸ್, ಆಪ್ಷನ್ಸ್‌ಗೆ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲಿನ ಒಪ್ಪಂದಗಳ ವ್ಯವಹಾರಕ್ಕೆ, ಹೊಸದಾಗಿ ಇಳಿದ ಹುಡುಗರು. 2024ರಲ್ಲಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಹಾಕಿ ಹೇಳಿತು: ಮೂರು ಹಣಕಾಸು ವರ್ಷಗಳಲ್ಲಿ ಆ ವ್ಯವಹಾರ ಮಾಡಿದ ಸಾಮಾನ್ಯ ಹೂಡಿಕೆದಾರರಲ್ಲಿ 93% ಮಂದಿಗೆ ನಷ್ಟ. ಬಾಣ ಮಾರುವವರು ಸೆಬಿಯಲ್ಲಿ ನೋಂದಣಿ ಆಗಿದ್ದಾರಾ ಅಂತ ಸೆಬಿ ವೆಬ್‌ಸೈಟಿನಲ್ಲೇ ನೋಡಬಹುದು. ಸುಮ್ನೆ ನಂಬಬೇಡಿ.

ದುಡ್ಡು ಕೊಡಬಾರದು ಅಂತ ನನ್ನ ಹಟ ಏನಿಲ್ಲ. ನಿಮ್ಮ ಕೈಯಲ್ಲಿ ಇಪ್ಪತ್ತು ಕಂಪನಿ ಇವೆ, ಫಲಿತಾಂಶದ ವಾರಗಳಲ್ಲಿ ಎಲ್ಲವನ್ನೂ ಹುಡುಕಿ ಓದಲು ಆಗುತ್ತಿಲ್ಲ, ಸುದ್ದಿ ಬಂದ ಕೂಡಲೇ ಮೇಲ್ ಬರಬೇಕು ಅನ್ನಿಸುತ್ತಿದೆ, ಆಗ ಕೊಡಿ. ಸಾಧ್ಯವಾದರೆ ತಿಂಗಳ ಲೆಕ್ಕದಲ್ಲಿ ಕೊಡಿ. ಮತ್ತೆ, ಬಿಟ್ಟು ಹೋಗುವಾಗ ನಿಮ್ಮ ಪಟ್ಟಿ, ಟಿಪ್ಪಣಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಆಗುತ್ತದಾ ಅಂತ ಕಾರ್ಡ್ ನಂಬರ್ ಹಾಕುವ ಮೊದಲೇ ಪರೀಕ್ಷಿಸಿ.