ಸುಡೋ ಮರೆತ ಪ್ರಾಕ್ಸಿ

ಏಪ್ರಿಲ್‌ನ ಒಂದು ಶುಕ್ರವಾರ. ಬಾಗಲಕೋಟೆಯ ನವನಗರದಲ್ಲಿ ಮಧ್ಯಾಹ್ನ ಎರಡಕ್ಕೆ ಹೊರಗೆ ಕಾಲಿಡಲಾಗದಂಥ ಬಿಸಿಲು. ನಮ್ಮ ಲ್ಯಾಬಿನ 30 ಕಂಪ್ಯೂಟರ್‌ಗಳಿಗೆ ಹೊಸದಾಗಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿ ಮುಗಿಸಿದ್ದೆವು. ಸೋಮವಾರ ಪ್ರಾಕ್ಟಿಕಲ್ ಪರೀಕ್ಷೆ. ಇನ್ನು ಕಂಪೈಲರ್ ಬರೆಯಲು ಬೇಕಾದ ಫ್ಲೆಕ್ಸ್, ಬೈಸನ್ ಎಂಬ ಎರಡು ಸಲಕರಣೆಗಳನ್ನು ಇಳಿಸಿಕೊಂಡರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಉಬುಂಟುವಿನಲ್ಲಿ ತಂತ್ರಾಂಶ ತರಿಸಿಕೊಡುವ ಆ್ಯಪ್ಟ್, "ಸರ್ವರ್ ಸಿಗುತ್ತಿಲ್ಲ" ಎಂದು ನಿಂತುಬಿಟ್ಟಿತು.

"ನೆಟ್ ಐತ್ರಿ ಮೇಡಂ. ಬ್ರೌಸರ್‌ನ್ಯಾಗ ಎಲ್ಲಾ ಓಪನ್ ಆಗಾಕತ್ತೈತಿ. ಇದಕ್ಕಷ್ಟ ಏನಾಗೇತಿ?" ಎಂದ, ಸಹಾಯಕ್ಕೆ ಬಂದಿದ್ದ ಕೊನೇ ವರ್ಷದ ಹುಡುಗ.

ಒಳ್ಳೆ ಪ್ರಶ್ನೆ. ನಮ್ಮ ಕ್ಯಾಂಪಸ್ಸಿನಿಂದ ಹೊರಗೆ ಹೋಗಬೇಕಾದರೆ ಸ್ಕ್ವಿಡ್ ಪ್ರಾಕ್ಸಿ, ಅಂದರೆ ನಮ್ಮ ಪರವಾಗಿ ಹೊರಗಿನಿಂದ ತಂದುಕೊಡುವ ಮಧ್ಯವರ್ತಿ ಸರ್ವರ್, ಅದರ ಮೂಲಕವೇ ಹೋಗಬೇಕು. ಅದಕ್ಕೆ ಸರ್ವರ್ ವಿಳಾಸ ಬೇಕು, ಜೊತೆಗೆ 3128 ಅನ್ನುವ ಪೋರ್ಟ್ ನಂಬರೂ ಬೇಕು. ನವನಗರದಲ್ಲಿ ಸೆಕ್ಟರ್ ನಂಬರ್ ಒಂದೇ ಹೇಳಿದರೆ ಮನೆ ಸಿಗುವುದಿಲ್ಲ, ಪ್ಲಾಟ್ ನಂಬರೂ ಹೇಳಬೇಕು, ಅಲ್ವಾ? ಹಾಗೆ. ಬ್ರೌಸರ್‌ಗೆ ಆ ವಿಳಾಸ ಕೊಟ್ಟಿದ್ದೆವು. ಆ್ಯಪ್ಟ್‌ಗೆ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಹುಡುಗ ಬ್ರೌಸರ್‌ನಲ್ಲೇ ಬೈಸನ್ ಫೈಲ್ ಇಳಿಸಿ, ಇಂಥ ಫೈಲನ್ನು ಯಂತ್ರಕ್ಕೆ ಕೂರಿಸುವ ಡಿಪಿಕೆಜಿಗೆ ಕೊಟ್ಟಿದ್ದ. ಅದು ಮೊದಲು ಎಂ4 ಎಂಬ ಇನ್ನೊಂದು ಪ್ಯಾಕೇಜ್ ಬೇಕು ಎಂದಿತು. ಎಂ4 ಹುಡುಕಿ ತಂದ. ಅದು ಲಿಬ್‌ಸಿಗ್‌ಸೆಗ್‌ವಿ ಬೇಕು ಎಂದಿತು. ಅವನು ಮತ್ತೆ ಹುಡುಕಲು ಕೂತಾಗ ಕೈ ಹಿಡಿದು ನಿಲ್ಲಿಸಿದೆ. ಡಿಪಿಕೆಜಿ ತನ್ನ ಕೈಗೆ ಕೊಟ್ಟ ಫೈಲನ್ನಷ್ಟೇ ನೋಡುತ್ತದೆ. ಯಾವುದಕ್ಕೆ ಯಾವುದು ಬೇಕೆಂದು ಲೆಕ್ಕ ಹಾಕಿ ತರುವುದು ಆ್ಯಪ್ಟ್ ಕೆಲಸ. ಆ ಕೆಲಸ ನಾವು ಕೈಯಿಂದ ಮಾಡಲು ಹೊರಟರೆ 30 ಯಂತ್ರಕ್ಕೆ ಭಾನುವಾರವೂ ಸಾಲದು.

ಟರ್ಮಿನಲ್‌ನಲ್ಲಿ ಪ್ರಾಕ್ಸಿ ವಿಳಾಸವನ್ನು ಒಂದು ವೇರಿಯಬಲ್‌ನಲ್ಲಿಟ್ಟು ಎಕ್ಸ್‌ಪೋರ್ಟ್ ಮಾಡಿದೆ, ಅಂದರೆ ಅಲ್ಲಿಂದ ಓಡಿಸುವ ಪ್ರೋಗ್ರಾಂಗಳಿಗೂ ಕಾಣುವ ಹಾಗೆ ಮಾಡಿದೆ. ವೆಬ್‌ನಿಂದ ಫೈಲ್ ಇಳಿಸುವ ಡಬ್ಲ್ಯೂಗೆಟ್ (wget) ಕಮಾಂಡ್‌ನಿಂದ ಒಂದು ಪುಟ ತರಿಸಿದೆ, ಥಟ್ಟನೆ ಬಂತು. ರೂಟ್, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರವಿರುವ ಬಳಕೆದಾರನಾಗಿ ಕಮಾಂಡ್ ಓಡಿಸುವ ಸುಡೋ ಹಾಕಿ ಆ್ಯಪ್ಟ್ ಅಪ್‌ಡೇಟ್ ಕೊಟ್ಟೆ. ಮತ್ತೆ ಅದೇ ತಪ್ಪು! ವಿಳಾಸ ಸರಿ, ಪೋರ್ಟ್ ಸರಿ, ಅಕ್ಷರವೂ ಸರಿ. ಅರ್ಧ ಗಂಟೆ ಅದೇ ಸಾಲನ್ನು ಅಳಿಸಿ ಬರೆದೆ.

ಕೊನೆಗೆ ಇಂಥ ವೇರಿಯಬಲ್‌ಗಳ ಪಟ್ಟಿ ತೋರಿಸುವ ಎನ್ವ್ ಕಮಾಂಡ್ ಕೊಟ್ಟು ನೋಡಿದೆ. ಪ್ರಾಕ್ಸಿ ಸಾಲು ಇತ್ತು. ಅದೇ ಕಮಾಂಡಿನ ಮುಂದೆ ಸುಡೋ ಸೇರಿಸಿ ಕೊಟ್ಟೆ. ಆ ಸಾಲೇ ಇಲ್ಲ. ಆಗ ಹೊಳೆಯಿತು. ಸುಡೋ ರೂಟ್ ಆಗುವಾಗ ನಮ್ಮ ಪರಿಸರದ ಹೆಚ್ಚಿನ ವೇರಿಯಬಲ್‌ಗಳನ್ನು ಹೊರಗೇ ಬಿಟ್ಟು ಹೋಗುತ್ತದೆ. ಅದು ಸುರಕ್ಷತೆಗಾಗಿಯೇ ಮಾಡಿದ್ದು, ಮತ್ತು ನನ್ನ ಮಟ್ಟಿಗೆ ಸರಿಯಾದದ್ದು. ಯಾರೋ ಇಟ್ಟ ವೇರಿಯಬಲ್ ರೂಟ್ ಕೈಗೆ ಸುಮ್ನೆ ಹೋಗಬಾರದು. ಸುಡೋಗೆ ಇಂಗ್ಲಿಷಿನ ದೊಡ್ಡಕ್ಷರದ ಇ (-E) ಆಯ್ಕೆ ಕೊಟ್ಟರೆ ಜೊತೆಗೆ ಒಯ್ಯುತ್ತದೆ, ಆದರೆ ಪ್ರತಿ ಸಲ ನೆನಪಿಡಬೇಕು.

ಅದಕ್ಕೇ ಆ್ಯಪ್ಟ್ ತನ್ನ ಸೆಟ್ಟಿಂಗ್ ಓದುವ, ಇಟಿಸಿ ಒಳಗಿನ ಆ್ಯಪ್ಟ್ ಕಾನ್ಫ್ ಡಿ (/etc/apt/apt.conf.d) ಫೋಲ್ಡರಿನಲ್ಲಿ ಪುಟ್ಟ ಫೈಲ್ ಮಾಡಿ ಪ್ರಾಕ್ಸಿ ಸಾಲು ಬರೆದೆ. ಅರ್ಧಕ್ಕೆ ನಿಂತದ್ದನ್ನು ಸರಿಪಡಿಸುವ ಆ್ಯಪ್ಟ್‌ನ ಫಿಕ್ಸ್ ಬ್ರೋಕನ್ ಆಯ್ಕೆ ಕೊಟ್ಟ ಕೂಡಲೇ ಎಂ4, ಅದಕ್ಕೆ ಬೇಕಾದದ್ದು, ಎಲ್ಲ ತಾನಾಗಿ ಇಳಿದು ಬಂದು ಬೈಸನ್ ಕೂತಿತು. ಹುಡುಗ ಪರದೆಯ ಮೇಲೆ ಓಡುತ್ತಿದ್ದ ಸಾಲುಗಳನ್ನು ಬೆರಳಿಟ್ಟು ಓದುತ್ತಿದ್ದ. ಆ ಓದು ನನಗೆ ಬಹಳ ಹಿಡಿಸಿತು.

ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಉಳಿದ 29ಕ್ಕೂ ಹಂಚಿದೆವು. ಪೆನ್‌ಡ್ರೈವ್ ಹಿಡಿಯದ ಒಂದರಲ್ಲಿ ಕೈಯಲ್ಲೇ ಟೈಪ್ ಮಾಡುವಾಗ ಕೊನೆಯ ಸೆಮಿಕೋಲನ್ ಬಿಟ್ಟುಹೋಗಿ ಮತ್ತೆ ಹತ್ತು ನಿಮಿಷ ಹೋಯಿತು.

ರಾತ್ರಿ ಒಂಬತ್ತಕ್ಕೆ ಫೋನ್. ಹುಡುಗ ತನ್ನ ಲ್ಯಾಪ್‌ಟಾಪಿಗೂ ಅದೇ ಫೈಲ್ ಹಾಕಿಕೊಂಡಿದ್ದ.

"ಮೇಡಂ, ಮನ್ಯಾಗ ಆ್ಯಪ್ಟ್ ನಡೀವಲ್ದು."

"ಕಾಲೇಜಿನ ಪ್ರಾಕ್ಸಿ ನಿಮ್ಮ ಮನ್ಯಾಗ ಎಲ್ಲಿ ಸಿಗಬೇಕಪ್ಪಾ? ಆ ಸಾಲಿನ ಮುಂದ ಎರಡು ಓರೆಗೆರಿ ಹಾಕು, ಆ್ಯಪ್ಟ್ ಅದನ್ನ ಓದಂಗಿಲ್ಲ. ನಾಳೆ ಬಂದ ಮ್ಯಾಲ ತೆಗಿ."

ಕೀಲಿಗಳ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಾಂ, ಬರಾಕತ್ತೇತ್ರಿ."