ಕೆಂಪು ದೀಪದ ಕಾಟ: ಹೌಸಿಂಗ್ ಅಲಾರಂ, ಮಾಲ್ಡೀವ್ಸ್ ಪರೀಕ್ಷೆ

ಅಂತೂ ಸಿಕ್ಕಿತು. ನೀರಿನೊಳಗೆ ಚಿತ್ರ ತೆಗೆಯಲು ಕ್ಯಾಮೆರಾ ಇಡುವ ಡಬ್ಬಿಗೆ ಹೌಸಿಂಗ್ ಅನ್ನುತ್ತಾರೆ, ನನ್ನ ಹೌಸಿಂಗಿನ ಸೋರಿಕೆ ಅಲಾರಂ ಸುಮ್ಮಸುಮ್ಮನೆ ಕೆಂಪಾಗುತ್ತಿತ್ತು. ಆ ಕೆಂಪು ದೀಪಕ್ಕೆ ಕಾರಣ ಓ-ರಿಂಗ್ (ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಬಳೆ) ಅಲ್ಲ, ವಾಲ್ವ್ ಅಲ್ಲ, ಕೋಡೂ ಅಲ್ಲ. ಬೋಟಿನ ಕ್ಯಾಬಿನ್ನಿನ ಎಸಿ. ಇಷ್ಟು ತಿಳಿಯುವುದಕ್ಕೆ ಮಾಲ್ಡೀವ್ಸ್‌ವರೆಗೆ ಹೋಗಿ, ಬೋಟ್ ಟ್ರಿಪ್ಪಿನ ಅರ್ಧವನ್ನು ಕ್ಯಾಮೆರಾ ಟೇಬಲ್ ಮುಂದೆ ಕಳೆಯಬೇಕಾಯಿತು. ಎರಡು ಡೈವ್ ನಡುವೆ ಬೇರೆಯವರೆಲ್ಲ ಡೆಕ್ ಮೇಲೆ ಮಲಗುತ್ತಿದ್ದರು, ನಾನು ಲ್ಯಾಪ್‌ಟಾಪಿನಲ್ಲಿ ಗ್ರಾಫ್ ನೋಡುತ್ತಿದ್ದೆ.

ಒಳಗಿನ ಗಾಳಿ ಎಳೆಯುವುದಕ್ಕೆ ವ್ಯಾಕ್ಯೂಮ್ ವಾಲ್ವ್, ಓ-ರಿಂಗಿಗೆ ಹಚ್ಚುವುದಕ್ಕೆ ಸಿಲಿಕೋನ್ ಗ್ರೀಸ್, ಇದಕ್ಕಿಂತ ಜಾಸ್ತಿ ಕೊರೆಯುವುದಿಲ್ಲ. ನನ್ನದು ಪಾಲಿಕಾರ್ಬೊನೇಟ್ ಹೌಸಿಂಗ್. ಒಳಗೆ ಮನೆಯಲ್ಲೇ ಮಾಡಿದ ಅಲಾರಂ: ಒತ್ತಡದ ಸೆನ್ಸರ್, ಆರ್ಡುಇನೊ ಪ್ರೊ ಮಿನಿ (ಕೋಡ್ ಓಡಿಸುವ ಪುಟ್ಟ ಬೋರ್ಡ್), ಪುಟ್ಟ ಲಿಥಿಯಂ ಬ್ಯಾಟರಿ, ಹಸಿರು-ಕೆಂಪು ಎಲ್‌ಇಡಿ, ಲಾಗ್ ಬರೆಯೋದಕ್ಕೆ ಮೈಕ್ರೊ ಎಸ್‌ಡಿ ಕಾರ್ಡ್. ಡೈವ್‌ಗೆ ಮುಂಚೆ ಕೈಪಂಪಿನಿಂದ ಒಳಗಿನ ಗಾಳಿ ಎಳೆದು, ಹೊರಗಿನದಕ್ಕಿಂತ 200 ಮಿಲಿಬಾರ್ ಕಡಿಮೆ ಮಾಡುವುದು. ಅದು ಹಾಗೇ ನಿಂತರೆ ಹಸಿರು. 15 ಮಿಲಿಬಾರ್ ಏರಿದರೆ ಕೆಂಪು, ಅಂದರೆ ಎಲ್ಲೋ ಸೋರುತ್ತಿದೆ. ನೀರು ಒಳಗೆ ಬಂದ ಮೇಲೆ ಕೂಗಿಕೊಳ್ಳುವ ಅಲಾರಂ ಯಾರಿಗೆ ಬೇಕು? ಅಷ್ಟು ಹೊತ್ತಿಗೆ ಕ್ಯಾಮೆರಾ ಉಪ್ಪಿನಕಾಯಿ ಆಗಿರುತ್ತದೆ.

ಮೊದಲು ಅಂಗಡಿಯವರ ಮೇಲಿನ ಸಿಟ್ಟು ತೀರಿಸಿಕೊಂಡುಬಿಡುತ್ತೇನೆ. ನಾನು ಕೇಳಿದ್ದು ಬಿಎಂಇ280 ಅನ್ನುವ ಸೆನ್ಸರ್. ಒತ್ತಡ, ಉಷ್ಣತೆ ಜೊತೆಗೆ ತೇವಾಂಶವನ್ನೂ ಅಳೆಯುತ್ತದೆ. ಗಾಜು ಮಂಜಾಗುವ ಮುಂಚೆಯೇ ಗೊತ್ತಾಗಲಿ ಅಂತ ಅದೇ ಬೇಕಿತ್ತು. ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಬಿಲ್ಲಿನ ಮೇಲೆ ಬಿಎಂಇ ಅಂತಲೇ ಬರೆದುಕೊಟ್ಟರು. ಮನೆಗೆ ಬಂದು ಚಿಪ್ ಐಡಿ (ಚಿಪ್ಪಿನ ಒಳಗಿರುವ ಗುರುತಿನ ಸಂಖ್ಯೆ) ಓದಿದರೆ 0ಎಕ್ಸ್58. ಬಿಎಂಇ ಆಗಿದ್ದರೆ 0ಎಕ್ಸ್60 ಬರಬೇಕು. ಇದು ತೇವಾಂಶ ಅಳೆಯದ ಬಿಎಂಪಿ280. ವಾಪಸ್ ಹೋಗಿ ಕೇಳಿದರೆ, "ಒಂದಕ್ಷರ ತಾನೇ ಸಾರ್ ವ್ಯತ್ಯಾಸ, ಕೆಲಸ ಎರಡೂ ಮಾಡ್ತವೆ" ಅಂದರು. ಟಿಕೆಟ್ ಆಗಿಹೋಗಿತ್ತು, ಬಿಎಂಪಿಯಲ್ಲೇ ಸಂಸಾರ ಮಾಡಿದೆ. ಪಂಪ್ ಮಾತ್ರ ಜೆ.ಸಿ. ರೋಡಿನದು, ಗಾಡಿಯ ಬ್ರೇಕಿನಿಂದ ಗಾಳಿ ತೆಗೆಯುವ ಕೈಪಂಪ್. ಗಟ್ಟಿಮುಟ್ಟಾಗಿದೆ. ಮೀಟರಿನ ಮುಳ್ಳು ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ, ಒಂದು ತಟ್ಟು ತಟ್ಟಿದರೆ ಸರಿಹೋಗುತ್ತದೆ. ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ, 6 ಇಂಚು ಅಂದರೆ ಹೆಚ್ಚುಕಡಿಮೆ ನಮ್ಮ 200 ಮಿಲಿಬಾರ್.

ಬೆಂಗಳೂರಿನವರಿಗೆ ಒಂದು ಕಿವಿಮಾತು. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಹೊರಗಿನ ಒತ್ತಡವೇ 910 ಮಿಲಿಬಾರ್ ಆಸುಪಾಸು. ಮಾಲ್ಡೀವ್ಸ್ ರಾಜಧಾನಿ ಮಾಲೆಯಲ್ಲಿ 1010. ಹಾಗಾಗಿ ಕೋಡಿನಲ್ಲಿ ನೇರ ಒತ್ತಡದ ಅಂಕಿ ಬರೆದು ಕೂರಿಸಬೇಡಿ. ಮುಚ್ಚಳ ತೆರೆದಿರುವಾಗಲೇ ಹೊರಗಿನ ಒತ್ತಡ ಓದಿಕೊಂಡು, ಅದರಿಂದ ಲೆಕ್ಕ ಹಾಕುವ ಹಾಗೆ ಬರೆಯಿರಿ.

ವಿಮಾನ ನಿಲ್ದಾಣದ ತಪಾಸಣೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲಿಥಿಯಂ ಬ್ಯಾಟರಿ ಅಂದಮೇಲೆ ಕೈಚೀಲದಲ್ಲೇ ಒಯ್ಯಬೇಕು. ಪಾರದರ್ಶಕ ಡಬ್ಬಿ, ಒಳಗೆ ವೈರುಗಳು, ಮಿನುಗುವ ಕೆಂಪು ದೀಪ. ಇಂಥದ್ದನ್ನು ಎಕ್ಸ್-ರೇ ಬೆಲ್ಟ್ ಮೇಲೆ ಇಟ್ಟು ಮುಗುಳ್ನಗುತ್ತಾ ನಿಂತರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಟ್ರಿಪ್ ಈಶಾನ್ಯ ಮಾರುತದ ಕಾಲದ್ದು. ಮಾಲೆಯಿಂದ ಹೊರಟು ವಾವು ಅಟಾಲ್ (ಅಟಾಲ್ ಅಂದರೆ ಉಂಗುರದಂಥ ಹವಳದ ದ್ವೀಪಸಮೂಹ), ಅಲ್ಲಿಂದ ಆರಿ ಅಟಾಲ್, ತಿರುಗಿ ಮಾಲೆ. ಈ ಕಾಲದಲ್ಲಿ ಪ್ರವಾಹ ಪೂರ್ವದಿಂದ ಒಳಗೆ ನುಗ್ಗುತ್ತದೆ, ಪೂರ್ವದ ಕಾಂಡುಗಳಲ್ಲಿ (ಅಟಾಲ್ ಒಳಕ್ಕೂ ಹೊರಕ್ಕೂ ನೀರು ಹರಿಯುವ ಕಾಲುವೆಗಳು) ನೀರು ತಿಳಿಯಾಗಿರುತ್ತದೆ, ಶಾರ್ಕ್‌ಗಳು ಕಾಂಡುವಿನ ಬಾಯಲ್ಲೇ ನಿಂತಿರುತ್ತವೆ. ಊಟ-ನಿದ್ದೆ ದೊಡ್ಡ ಬೋಟಿನಲ್ಲಿ. ಟ್ಯಾಂಕು, ಕಂಪ್ರೆಸರ್ ಎಲ್ಲ ಪಕ್ಕದ ದೋನಿ ಅನ್ನುವ ಸಣ್ಣ ಬೋಟಿನಲ್ಲಿ, ಡೈವ್‌ಗೆ ಹೋಗುವುದೂ ಅದರಲ್ಲೇ. ಬೆಳಕು ಹರಿಯುವ ಮುಂಚೆ ಗಂಟೆ ಬಾರಿಸಿ ಎಬ್ಬಿಸುತ್ತಾರೆ.

ಕಾಟ ಶುರುವಾದದ್ದು ಅಲ್ಲೇ. ರಾತ್ರಿ ಕ್ಯಾಬಿನ್ನಿನಲ್ಲಿ ಹೌಸಿಂಗ್ ಮುಚ್ಚಿ, ಪಂಪ್ ಮಾಡಿ ಮಲಗುತ್ತಿದ್ದೆ. ಬೆಳಿಗ್ಗೆ ಎದ್ದಾಗ ಹಸಿರು. ಟೀ ಕುಡಿಯುವಾಗ ಹಸಿರು. ಬ್ರೀಫಿಂಗ್ ಮುಗಿಸಿ ದೋನಿ ಹತ್ತಿ ವೆಟ್‌ಸೂಟ್ ಜಿಪ್ ಎಳೆಯುವಷ್ಟರಲ್ಲಿ ಕೆಂಪು. ವಾಪಸ್ ತಂದು ಓ-ರಿಂಗ್ ತೆಗೆದು, ಟಾರ್ಚ್ ಬಿಟ್ಟು ನೋಡಿದರೆ ಏನೂ ಇಲ್ಲ. ಹೊಸ ಓ-ರಿಂಗ್ ಹಾಕಿದೆ, ವಾಲ್ವ್ ಬಿಚ್ಚಿ ತೊಳೆದೆ. ಮಾರನೇ ದಿನ ಅದೇ ಹೊತ್ತಿಗೆ ಅದೇ ಕೆಂಪು. ಜೊತೆಗೆ ಬಂದಿದ್ದ ಗೆಳೆಯ ಮಂಗಳೂರಿನವನು, ನನ್ನ ಡೈವ್ ಜೋಡಿ. "ಎಂತ ಮಾರಾಯ, ಮೀನು ತೆಗೀಲಿಕ್ಕೆ ಟ್ರಾಫಿಕ್ ಸಿಗ್ನಲ್ ಹಿಡ್ಕೊಂಡು ಬಂದಿದ್ದೀಯಾ?" ಅಂದ. ಆವತ್ತಿನಿಂದ ದೋನಿಯ ಹುಡುಗರೂ ನನ್ನನ್ನು ಕಂಡರೆ "ರೆಡ್? ಗ್ರೀನ್?" ಅಂತ ಕೇಳುವುದಕ್ಕೆ ಶುರುಮಾಡಿದರು.

ಲೆಕ್ಕ ಹಾಕಿದರೆ ಸರಳ. ಮುಚ್ಚಿದ ಡಬ್ಬಿಯ ಗಾಳಿ ಬೆಚ್ಚಗಾದರೆ, ಕೆಲ್ವಿನ್ ಉಷ್ಣತೆ ಏರಿದ ಪ್ರಮಾಣದಲ್ಲೇ ಒತ್ತಡವೂ ಏರುತ್ತದೆ. ಕ್ಯಾಬಿನ್ 22 ಡಿಗ್ರಿ, ಡೆಕ್ 31. ಕೆಲ್ವಿನ್ನಿನಲ್ಲಿ 295 ಮತ್ತು 304. ಒಳಗಿನ ಹೆಚ್ಚುಕಡಿಮೆ 800 ಮಿಲಿಬಾರ್ ಬೆಚ್ಚಗಾದರೆ 824 ಆಗುತ್ತದೆ. ಒಂದು ಹನಿ ಗಾಳಿಯೂ ಒಳಗೆ ಬಾರದೆ 24 ಮಿಲಿಬಾರ್ ಏರಿಕೆ, ನನ್ನ ಗಡಿ 15. ಕೆಂಪಾಗದೆ ಇನ್ನೇನಾಗುತ್ತದೆ?

ಹಾಗಾದರೆ ಡೆಕ್ ಮೇಲೆಯೇ ಮುಚ್ಚಿದರಾಯಿತು ಅಲ್ವಾ? ಆಗುವುದಿಲ್ಲ. ಎಸಿಯಲ್ಲಿ ತಣ್ಣಗಾದ ಲೆನ್ಸನ್ನು ಆ ಅಂಟು ಗಾಳಿಗೆ ತೆರೆದರೆ ತಕ್ಷಣ ಮಂಜು. ಅದು ಆರಲಿ ಅಂತ ಕಾದು ಮುಚ್ಚಿದರೂ ಒಳಗೆ ಉಳಿಯುವುದು ಅದೇ ಹಸಿ ಗಾಳಿ. ಕಾಂಡುವಿನ ಆಳದ ನೀರಿಗೆ ಇಳಿದಾಗ ಲೆನ್ಸ್ ಮುಂದಿನ ಕಿಟಕಿಯ, ಅಂದರೆ ಪೋರ್ಟಿನ, ಒಳಗಡೆ ಮೆಲ್ಲಗೆ ಮಬ್ಬು ಕಟ್ಟುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೂ ಅಷ್ಟಕ್ಕಷ್ಟೆ. ಎಸಿಯ ಒಣ ಗಾಳಿ ಬೇಕು, ಎಸಿಯ ತಂಪು ಬೇಡ. ಇದು ನನ್ನ ತಕರಾರು.

ಕೋಡಿನಲ್ಲೇ ಸರಿಮಾಡೋಣ ಅಂತ ಹೊರಟೆ. ಬಿಎಂಪಿಯಲ್ಲಿ ಉಷ್ಣತೆಯ ಸೆನ್ಸರ್ ಹೇಗೂ ಇದೆ. ಬರೀ ಒತ್ತಡ ನೋಡುವ ಬದಲು ಒತ್ತಡವನ್ನು ಕೆಲ್ವಿನ್ ಉಷ್ಣತೆಯಿಂದ ಭಾಗಿಸಿ ನೋಡಿದರೆ, ಒಳಗೆ ಗಾಳಿ ಎಷ್ಟಿದೆ ಅನ್ನುವುದರ ಲೆಕ್ಕವೇ ಸಿಗುತ್ತದೆ. ಬಿಸಿಯಾಗಲಿ ತಣ್ಣಗಾಗಲಿ ಆ ಅಂಕಿ ಅಲ್ಲಾಡಬಾರದು. ಊಟದ ಹೊತ್ತಿನಲ್ಲಿ ಕೋಡ್ ತಿದ್ದಿ ಹಾಕಿದೆ. ಗೆದ್ದೆ ಅಂದುಕೊಂಡು ಡೆಕ್‌ಗೆ ತಂದಿಟ್ಟರೆ ಮತ್ತೆ ಕೆಂಪು!

ಆವತ್ತಿನ ಡೈವ್ ಫೊತ್ತೆಯೊ ಕಾಂಡು. ಜನ ದುಡ್ಡು ಕೂಡಿಟ್ಟು ಬರುವ ಜಾಗ ಅದು. ಕ್ಯಾಮೆರಾ ಬಿಟ್ಟು ಇಳಿದೆ. ಕಾಂಡುವಿನ ತುಟಿಯಲ್ಲಿ ಸತ್ತ ಕಲ್ಲಿಗೆ ರೀಫ್ ಹುಕ್ (ಹಗ್ಗ ಕಟ್ಟಿದ ಕೊಕ್ಕೆ) ಸಿಕ್ಕಿಸಿ, ಬಾವುಟದ ಹಾಗೆ ಪ್ರವಾಹದಲ್ಲಿ ಅಡ್ಡಡ್ಡ ತೇಲುತ್ತಾ ನಿಂತೆವು. ಮುಂದೆ ಗ್ರೇ ರೀಫ್ ಶಾರ್ಕ್‌ಗಳು ಬಾಲ ಅಲ್ಲಾಡಿಸದೆ ನಿಂತಿದ್ದವು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿದ್ದು ಎಷ್ಟು ಒಳ್ಳೆಯದಾಯಿತು ಅಂತ ಇಲ್ಲಿ ಕಣ್ಣಾರೆ ಕಾಣುತ್ತದೆ. ಹವಳಕ್ಕೆ ಆ ಅದೃಷ್ಟ ಇಲ್ಲ. 1998, 2016, 2024ರ ಬಿಸಿನೀರಿನ ಹೊಡೆತ ತಿಂದ ರೀಫಿನ ಮೇಲ್ಭಾಗ ಎಷ್ಟೋ ಕಡೆ ಬರೀ ಬೂದು ಪುಡಿ. ನಾನು ನೋಡಬೇಕಾದದ್ದು ಇದನ್ನೆಲ್ಲ. ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಒಂದೇ: ಭಾಗಿಸಿದ ಮೇಲೂ ಯಾಕೆ ಏರುತ್ತಿದೆ?

ಉತ್ತರ ಎಸ್‌ಡಿ ಕಾರ್ಡಿನಲ್ಲಿ ಇತ್ತು. ಒತ್ತಡ, ಉಷ್ಣತೆ ಎರಡರ ಗೆರೆಗಳನ್ನು ಒಂದರ ಮೇಲೊಂದು ಹಾಕಿ ನೋಡಿದೆ. ಡೆಕ್‌ಗೆ ಬಂದ ಕೂಡಲೇ ಒತ್ತಡ ಏರುತ್ತದೆ. ಉಷ್ಣತೆ ಮಾತ್ರ ಆಮೇಲೆ, ನಿಧಾನವಾಗಿ, ಆಕಳಿಸುತ್ತಾ ಏರುತ್ತದೆ. ಯಾಕೆಂದರೆ ಬೋರ್ಡನ್ನು ಅಂಟಿಸಿದ್ದು ಕ್ಯಾಮೆರಾದ ಅಡಿಗೆ. ಕ್ಯಾಮೆರಾ ಅಂದರೆ ರಾತ್ರಿಯೆಲ್ಲ ತಣ್ಣಗಾದ ಲೋಹದ ಗಟ್ಟಿ. ಹೊರಗಿನ ಗೋಡೆ ತಾಗಿ ಗಾಳಿ ಬೇಗ ಬೆಚ್ಚಗಾಗುತ್ತದೆ, ಕ್ಯಾಮೆರಾ ಪಕ್ಕ ಕೂತ ಸೆನ್ಸರ್ ಇನ್ನೂ ಎಸಿಯಲ್ಲೇ ಇದ್ದೇನೆ ಅಂದುಕೊಂಡಿರುತ್ತದೆ. ಒತ್ತಡ ಹೊಸದು, ಉಷ್ಣತೆ ಹಳೆಯದು. ಭಾಗಿಸಿದರೆ ಗಾಳಿ ಜಾಸ್ತಿಯಾದ ಹಾಗೆ ಕಾಣುತ್ತದೆ. ವಿಡಿಯೊ ತೆಗೆಯುವಾಗ ಇದರ ಉಲ್ಟಾ. ಕ್ಯಾಮೆರಾ ಬಿಸಿಯಾಗುತ್ತದೆ, ಸೆನ್ಸರ್ ಗಾಳಿಗಿಂತ ಬಿಸಿ ತೋರಿಸುತ್ತದೆ, ನಿಜವಾದ ಸೋರಿಕೆ ಇದ್ದರೂ ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ. ಇದು ಸುಳ್ಳು ಅಲಾರಂಗಿಂತ ಅಪಾಯ.

ಸೆನ್ಸರನ್ನು ಕ್ಯಾಮೆರಾದಿಂದ ದೂರ, ಗೋಡೆಯ ಹತ್ತಿರ ಒಯ್ಯಬೇಕು. ನಾಲ್ಕು ವೈರ್ ಬೇಕು, ಒಂದು ಹಳೆಯ ಯುಎಸ್‌ಬಿ ಕೇಬಲ್ ಬಲಿಕೊಟ್ಟೆ. ಸೋಲ್ಡರಿಂಗ್ ಐರನ್ ಕೇಳಿದ್ದಕ್ಕೆ ಎಂಜಿನ್ ರೂಮಿನ ಅಣ್ಣ ಸಂತೋಷದಿಂದ ತಂದುಕೊಟ್ಟ. ತುದಿ ಹೆಬ್ಬೆರಳಿನಷ್ಟು ದಪ್ಪ! ಅದರಲ್ಲಿ ಬ್ಯಾಟರಿ ಟರ್ಮಿನಲ್ ಬೆಸೆಯಬಹುದು, ಸಾಸಿವೆ ಗಾತ್ರದ ಪ್ಯಾಡ್ ಹೇಗೆ? ತುದಿಗೆ ದಪ್ಪ ತಾಮ್ರದ ತಂತಿ ಸುತ್ತಿ, ಒಂದು ಎಳೆ ಮುಂದೆ ಚಾಚುವ ಹಾಗೆ ಬಿಟ್ಟೆ. ಅದೇ ಹೊತ್ತಿಗೆ ಬೋಟು ವಾವುವಿನಿಂದ ಆರಿ ಕಡೆಗೆ ತೆರೆದ ಸಮುದ್ರ ದಾಟುತ್ತಿತ್ತು. ಅಲೆ ಎತ್ತಿದಾಗ ಕೈ ಎತ್ತುವುದು, ಇಳಿದಾಗ ಮುಟ್ಟಿಸುವುದು. ಕರಗಿದ ಸೋಲ್ಡರ್ ಮಣಿ ಪ್ಯಾಡಿನ ಅಂಚಿನಲ್ಲಿ ನಡುಗುತ್ತಾ, ಪಕ್ಕದ ಪ್ಯಾಡಿಗೆ ಹಾರಲೋ ಬೇಡವೋ ಅಂತ ಯೋಚಿಸುತ್ತಿತ್ತು. ಮಂಗಳೂರಿನ ಗೆಳೆಯ ಟಾರ್ಚ್ ಹಿಡಿದು ನಿಂತಿದ್ದ, ಮೊದಲ ಸಲ ಬಾಯಿ ಮುಚ್ಚಿಕೊಂಡು.

ಅಷ್ಟು ಹೊತ್ತಿಗೆ ಇನ್ನೊಂದು ದಾರಿಯೂ ಹೊಳೆದಿತ್ತು, ಅದಕ್ಕೆ ಸೋಲ್ಡರ್ ಬೇಡವೇ ಬೇಡ. ಹೌಸಿಂಗನ್ನು ಕ್ಯಾಬಿನ್ನಿನಲ್ಲಿ ಒಣ ಗಾಳಿಯಲ್ಲೇ ಮುಚ್ಚಿ. ಪಂಪ್ ಮಾತ್ರ ಆಗ ಮಾಡಬೇಡಿ. ಡೆಕ್ ಮೇಲೆ ನೆರಳಿನಲ್ಲಿ ಅರ್ಧ ಗಂಟೆ ಇಡಿ, ಪೂರ್ತಿ ಬೆಚ್ಚಗಾಗಲಿ. ಆಮೇಲೆ ಪಂಪ್ ಮಾಡಿ. ಪಂಪ್ ಗಾಳಿಯನ್ನು ಹೊರಗೆ ಎಳೆಯುತ್ತದೆ, ಒಳಗೆ ತಳ್ಳುವುದಿಲ್ಲ. ಹಾಗಾಗಿ ಡೆಕ್ಕಿನ ಹಸಿ ಗಾಳಿ ಒಳಗೆ ಬರುವ ಪ್ರಶ್ನೆಯೇ ಇಲ್ಲ. ಇಲ್ಲಿಂದ ಮುಂದೆ ನೀರಿಗಿಳಿದರೆ 28 ಡಿಗ್ರಿ, ಒತ್ತಡ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಕ್ರಮ ಬದಲಾಯಿಸಿದ್ದು ಅಷ್ಟೇ.

ಎರಡನ್ನೂ ಸೇರಿಸಿದ ಮೇಲೆ ದೀಪ ಹಸಿರಾಗಿಯೇ ನಿಂತಿತು. ವಾವುವಿನ ಆಲಿಮಥಾ ದ್ವೀಪದ ರಾತ್ರಿ ಡೈವ್ ಆಗಲೇ ಮುಗಿದಿತ್ತು, ನರ್ಸ್ ಶಾರ್ಕ್‌ಗಳು ಮೈಮೇಲೆ ಬಿದ್ದು ಹೋಗುವ ಚಿತ್ರ ನನ್ನ ಹತ್ತಿರ ಒಂದೂ ಇಲ್ಲ. ಹೋಗಲಿ.

ಆರಿಯ ಮಾಯಾ ತಿಲಾದ (ತಿಲಾ ಅಂದರೆ ನೀರೊಳಗಿನ ಹವಳದ ಗುಡ್ಡ) ರಾತ್ರಿ ಡೈವ್‌ಗೆ ಮುಂಚೆ ಮತ್ತೆ ಕೆಂಪು. ಗೆಳೆಯ ನಗಲು ಶುರುಮಾಡಿದ. ನಾನು ಗ್ರಾಫ್ ನೋಡಿದೆ, ಈ ಸಲ ಗೆರೆಯ ಆಕಾರವೇ ಬೇರೆ. ಉಷ್ಣತೆಯಿಂದ ಬರುವ ಏರಿಕೆ ಮೊದಲು ಜೋರಾಗಿ, ಆಮೇಲೆ ಬಾಗಿ ಸಮತಟ್ಟಾಗುತ್ತದೆ. ಇದು ಬಾಗುತ್ತಲೇ ಇಲ್ಲ, ಏಣಿ ಒರಗಿಸಿಟ್ಟಂತೆ ನೇರ. ಹಿಂದಿನ ಮುಚ್ಚಳ ತೆಗೆದು ಓ-ರಿಂಗ್ ಮೇಲೆ ಓರೆಯಾಗಿ ಬೆಳಕು ಬಿಟ್ಟೆ. ಮುಚ್ಚಳದ ಕೀಲಿನ ಹತ್ತಿರ, ಗ್ರೀಸಿನಲ್ಲಿ ಅಡ್ಡಲಾಗಿ ಮಲಗಿದ ಒಂದು ಬಿಳಿ ನೂಲಿನ ಎಳೆ. ಕ್ಯಾಮೆರಾ ಟೇಬಲ್ ಮೇಲೆ ಹಾಸಿದ್ದ ಹತ್ತಿ ಟವೆಲಿನದು. ಚಿಮಟದಲ್ಲಿ ಎತ್ತಿದರೆ ಕಣ್ರೆಪ್ಪೆಗಿಂತ ತೆಳು. ತೆಗೆದು ಮುಚ್ಚಿದೆ, ಹಸಿರು. ಬಿಳಿತುದಿ ಶಾರ್ಕ್‌ಗಳು ಟಾರ್ಚ್ ಬೆಳಕಿನಲ್ಲಿ ಬಂಡೆ ಸಂದಿ ತಡಕುತ್ತಾ ಬೇಟೆಯಾಡುವುದು ಈಗ ನನ್ನ ಕಾರ್ಡಿನಲ್ಲಿದೆ. ಟೇಬಲ್ಲಿಗೆ ಮೈಕ್ರೊಫೈಬರ್ ಬಟ್ಟೆ ಕೇಳಿ ಹಾಸಿಸಿದೆ. ಕ್ಯಾಮೆರಾ ತೊಳೆಯುವ ತೊಟ್ಟಿಯಲ್ಲಿ ನಿಮ್ಮ ಪೋರ್ಟಿನ ಮೇಲೆ ತಮ್ಮ ಫ್ಲಾಶ್ ಇಡುವ ಮಹಾಶಯರಿಗೆ ಏನು ಹಾಸಬೇಕೋ ಇನ್ನೂ ಹೊಳೆದಿಲ್ಲ.

ಈಗ ಕೋಡ್ ಗಡಿ ದಾಟಿತಾ ಅಂತ ಮಾತ್ರ ನೋಡುವುದಿಲ್ಲ, ಏರಿಕೆ ಬಾಗುತ್ತಿದೆಯಾ ನೇರ ಇದೆಯಾ ಅಂತಲೂ ನೋಡುತ್ತದೆ. ಬಾಗಿದರೆ ಹಸಿರು-ಕೆಂಪು ಎರಡೂ ಸೇರಿ ಹಳದಿ, ನೇರ ಇದ್ದರೆ ಕೆಂಪು. ಆಳದ ಒಂದು ತೊಂದರೆ ಬಾಕಿ ಇದೆ. 25 ಮೀಟರ್ ಕೆಳಗೆ ಪಾಲಿಕಾರ್ಬೊನೇಟ್ ಗೋಡೆ ಸ್ವಲ್ಪ ಒಳಕ್ಕೆ ಬಾಗಿ ಒತ್ತಡ ಕೆಲವು ಮಿಲಿಬಾರ್ ಏರುತ್ತದೆ, ಮೇಲೆ ಬಂದರೆ ವಾಪಸ್ ಇಳಿಯುತ್ತದೆ. ಸೋರಿಕೆ ಹಾಗೆ ವಾಪಸ್ ಇಳಿಯುವುದಿಲ್ಲ. ಆದರೆ ಹೊರಗಿನ ಆಳ ಬೋರ್ಡಿಗೆ ಗೊತ್ತಿಲ್ಲವಲ್ಲ. ಅಲ್ಯೂಮಿನಿಯಂ ಹೌಸಿಂಗ್ ಇರುವವರಿಗೆ ಈ ಗೋಳು ಇಲ್ಲ, ಅವರಿಗೆ ಇಎಂಐ ಗೋಳು. ವಿಮಾನಕ್ಕೆ ಮುಂಚಿನ ಡೈವ್ ಇಲ್ಲದ ದಿನ ಎಲ್ಲರೂ ಮಾಲೆ ಸುತ್ತಲು ಹೋದಾಗ, ಖಾಲಿ ಹೌಸಿಂಗ್‌ಗೆ ಸೀಸದ ತೂಕ ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟು ಅಳತೆ ತೆಗೆದಿದ್ದೇನೆ. ಆ ಲಾಗ್ ಇನ್ನೂ ಬಿಡಿಸಿ ನೋಡಿಲ್ಲ.

ಯಾಕೆಂದರೆ ತಲೆ ಬೇರೆ ಕಡೆ ಹೋಗಿದೆ. ರಾತ್ರಿ ಲಂಗರು ಹಾಕಿದಾಗ ಕ್ಯಾಬಿನ್ನಿನ ಗೋಡೆಗೆ ಕಿವಿ ಇಟ್ಟರೆ ಚಟಪಟ ಚಟಪಟ, ಎಣ್ಣೆಗೆ ಒಗ್ಗರಣೆ ಬಿದ್ದ ಸದ್ದು. ಸ್ನ್ಯಾಪಿಂಗ್ ಸೀಗಡಿಗಳು. ಇಕ್ಕಳದಂಥ ಕೊಂಡಿ ಮುಚ್ಚುವ ವೇಗಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟಿ, ಅದು ಕುಸಿಯುವಾಗ ಬರುವ ಸದ್ದು. ಇದನ್ನು ರೆಕಾರ್ಡ್ ಮಾಡಬೇಕು. ಕಂಪನವನ್ನು ವಿದ್ಯುತ್ತಾಗಿಸುವ ಒಂದು ಪೀಜೋ ಡಿಸ್ಕ್, ಅದನ್ನು ಜೋರು ಮಾಡುವ ಪುಟ್ಟ ಪ್ರೀ-ಆಂಪ್, ನೀರು ತಾಗದಂತೆ ಸುತ್ತ ಎಪಾಕ್ಸಿ ಅಂಟು. ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ರೆಡಿ. ಮಳೆ ಮುಗಿದು ಸೀಸನ್ ತೆರೆದರೆ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಇಳಿಬಿಡುವ ಯೋಚನೆ. ಅಲ್ಲಿ ನೀರು ಎಷ್ಟೇ ಮಬ್ಬಿದ್ದರೂ ಸದ್ದಿಗೇನು ತೊಂದರೆ? ಡಿಸ್ಕ್ ಬಂದಿದೆ, ಕೇಬಲ್ ಬಂದಿದೆ. ಎಪಾಕ್ಸಿ ಪಾರ್ಸಲ್ ನಿನ್ನೆ ಬಂತು, ಬಿಚ್ಚಿದರೆ ಎರಡೂ ಡಬ್ಬಿ ರೆಸಿನ್. ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಎಲ್ಲಿ ಅಂತ ಫೋನ್ ಮಾಡಿದರೆ, "ಒಂದು ಡಬ್ಬಿ ಫ್ರೀ ಕೊಟ್ಟಿದ್ದೀವಿ ಸಾರ್" ಅಂದರು.